ನಾರಾಯಣಖೇಡದಿಂದ ತಾಂಡೂರಿಗೆ ಒಂದು ಆಟ

ಈಚೆಗೆ ತೆಲಂಗಾಣದ ಗಡಿಯ ಜಹೀರಾಬಾದಿನ ನಮ್ಮ ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಮುಂದೆ ಹಾದುಹೋಗುವಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ತರುಣ ಕಂಬದ ಬುಡದಲ್ಲಿ ಕೂತು ಫೈಬರ್ ಜೋಡಿಸುತ್ತಿದ್ದ. ನಾನೂ ಇದೇ ಕೆಲಸ ಮಾಡಿ ನಿವೃತ್ತನಾದವನು ಎಂದು ಹೇಳಿಕೊಂಡೆ. ನಿಮ್ಮ ಕಾಲದಲ್ಲಿ ಫೈಬರ್ ಇತ್ತೇ ಎಂದು ಕೇಳಿದ. ಇಲ್ಲ, ತಾಮ್ರದ ವೈರು ಎಂದೆ. ಅವನಿಗೆ ನಗು ತಡೆಯಲಿಲ್ಲ. "ತಾಮ್ರದ ವೈರಿನ್ಯಾಗ ನೆಟ್ ಬರ್ತಿತ್ತೇನ್ರಿ?" ಅಂದ.

ಬರುತ್ತಿತ್ತಪ್ಪ. ಮಳೆ ಬಂದರೆ ಬರುತ್ತಿರಲಿಲ್ಲ, ಇಲಿ ಕಡಿದರೆ ಬರುತ್ತಿರಲಿಲ್ಲ, ಕಬ್ಬು ಹೇರಿದ ಟ್ರಾಕ್ಟರು ವೈರಿಗೆ ಸಿಕ್ಕಿಕೊಂಡರೆ ಬರುತ್ತಿರಲಿಲ್ಲ. ಉಳಿದ ಹೊತ್ತಿನಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಅವನ ನಗುವಿಗೆ ಉತ್ತರ ಕೊಡಬೇಕು ಅನಿಸಿ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಪಗಾರ ಎಷ್ಟಾಯಿತು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ಮೊದಲ ಮಾತು. ಲೈನ್ ಮೆಕ್ಯಾನಿಕ್ ಎಂದರೆ ಕಂಬ ಹತ್ತುವವನು ಎಂದು ಜನ ತಿಳಿದಿದ್ದಾರೆ. ಕಂಬದ ಕೆಲಸ ಸುಲಭದ್ದು. ಕಷ್ಟದ್ದು ಮನೆಯೊಳಗಿನದು. ನೀವು ಗುರುತಿಲ್ಲದ ಮನೆಯ ನಡುಮನೆಗೆ ಹೋಗುತ್ತೀರಿ. ಅಲ್ಲಿ ಗಂಡ ಹೆಂಡತಿ ಜಗಳವಾಡಿ ಮುಖ ಆ ಕಡೆ ಈ ಕಡೆ ಮಾಡಿ ಕೂತಿರುತ್ತಾರೆ, ಇಲ್ಲವೇ ಯಾರೋ ಜ್ವರ ಬಂದು ಮಲಗಿರುತ್ತಾರೆ. ನೀವು ಅದನ್ನೆಲ್ಲ ನೋಡಿಯೂ ನೋಡದಂತೆ ವೈರು ಬಂದು ಸೇರುವ ಗೋಡೆಯ ಡಬ್ಬಿ ಬಿಚ್ಚಬೇಕು. ಹದಿನೈದು ನಿಮಿಷ ಆ ಮನೆಯವರಾಗಿ, ಆಮೇಲೆ ಹೊರಟು ಬಿಡಬೇಕು. ಇಷ್ಟು ಮನೆ ಹೊಕ್ಕು ಬಂದವನಿಗೆ ತನ್ನ ಮನೆಯಲ್ಲಿ ಕೂರುವ ಯೋಗ ಮಾತ್ರ ಕಡಿಮೆ.

ನಾನು ಮೊದಲು ಜಹೀರಾಬಾದಿನಲ್ಲಿದ್ದೆ. ಲಗ್ನ ಆಗಿರಲಿಲ್ಲ. ಆಗ ನಮ್ಮ ಕೆಲಸವೆಲ್ಲ ಕಿವಿಯದು. ವೈರಿಗೆ ಪರೀಕ್ಷೆಯ ಕೈಫೋನ್ ಹಚ್ಚಿ ಕೇಳಿದರೆ ಎಲ್ಲಿ ನೀರು ಹೊಕ್ಕಿದೆ, ಎಲ್ಲಿ ಜಾಯಿಂಟ್ ಸಡಿಲಾಗಿದೆ ಎಂದು ಗೊತ್ತಾಗಬೇಕು. ಕಲಿಸಿದ ಹಿರಿಯರು ಬೈಯುತ್ತಲೇ ಕಲಿಸಿದರು. ಸಂಜೆಯಾದರೆ ನನಗೆ ಮಾಡಲು ಏನೂ ಇರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೊ ಗೇಮಿನ ಅಂಗಡಿ ಇತ್ತು. ಎತ್ತರದ ಮರದ ಪೆಟ್ಟಿಗೆ, ಅದರೊಳಗೆ ಟೀವಿ, ಕೈಗೆ ಒಂದು ಹಿಡಿಕೆ, ಎರಡು ಗುಂಡಿ. ನಾಣ್ಯ ಹಾಕಿ ನಿಂತು ಆಡಬೇಕು. ಮೇಲಿನಿಂದ ಸಾಲುಗಟ್ಟಿ ಇಳಿಯುವ ಹುಳಗಳಿಗೆ ಗುಂಡು ಹೊಡೆಯುವುದು ಒಂದು ಆಟ. ಓಣಿ ಓಣಿಯಲ್ಲಿ ಓಡಾಡಿ ಚುಕ್ಕಿ ತಿನ್ನುವ ಹಳದಿ ಬಾಯಿ, ಅದರ ಬೆನ್ನು ಹತ್ತುವ ಬಣ್ಣ ಬಣ್ಣದ ಭೂತಗಳು ಇನ್ನೊಂದು. ನಾವು ಅದನ್ನು ಬಾಯಿ ಆಟ ಅನ್ನುತ್ತಿದ್ದೆವು.

ನಾನು ಬಾಯಿ ಆಟದವನು. ಆಡುವವನೊಬ್ಬನಾದರೆ ಹಿಂದೆ ನಿಂತು ಹೇಳುವವರು ಹತ್ತು ಜನ. ಎಡಕ್ಕ ಹೊಳ್ಳು, ಮ್ಯಾಲ ಹೋಗು, ಸತ್ತಿ ಸತ್ತಿ ಎಂದು ಕೂಗುತ್ತಿದ್ದರು. ಅವರ ಹೆಸರು ನನಗೆ ಗೊತ್ತಿಲ್ಲ, ನನ್ನ ಹೆಸರು ಅವರಿಗೆ ಗೊತ್ತಿಲ್ಲ. ಆದರೂ ಊರಲ್ಲಿ ನನ್ನೊಂದಿಗೆ ಮಾತಾಡುತ್ತಿದ್ದವರು ಅವರೇ. ಅಂಗಡಿ ಕೆಲವು ವರ್ಷಕ್ಕೆ ಮುಚ್ಚಿತು, ಆ ಜಾಗದಲ್ಲಿ ಔಷಧಿ ಅಂಗಡಿ ಬಂತು. ನನಗೆ ಲಗ್ನವಾಗಿ ತಾಂಡೂರಿಗೆ ವರ್ಗವಾಗಿತ್ತು. ಆಟ ಮರೆತೇ ಹೋಯಿತು.

ತಾಂಡೂರಿನಲ್ಲಿ ನನ್ನ ಹೆಂಡತಿ ಮಹಾನಂದಾ ಸರಕಾರಿ ಶಾಲೆಯ ಮೇಡಂ. ಅಲ್ಲಿಯೇ ಮನೆ, ಅಲ್ಲಿಯೇ ಮಗಳು ಅಂಬಿಕಾ ಹುಟ್ಟಿದಳು. ಊರ ತುಂಬ ಹಾಸುಗಲ್ಲು ಪಾಲಿಶ್ ಮಾಡುವ ಮಷೀನುಗಳು. ಆ ಕಲ್ಲಿನ ಧೂಳು ನಮ್ಮ ಡಬ್ಬಿಗಳೊಳಗೆ ಕೂತು, ಮೇಲೆ ಒಂದು ಮಳೆ ಬಿದ್ದರೆ ಸಿಮೆಂಟು. ಬಿಚ್ಚಲು ಹೋದರೆ ಡಬ್ಬಿಯೇ ಕೈಗೆ ಬರುತ್ತಿತ್ತು. ನನ್ನ ಜೊತೆಗಾರ ಖಾಜಾ ಮಿಯಾ, ಈ ಊರಲ್ಲಿ ವೈರಿಗಿಂತ ಸುತ್ತಿಗೆ ಜಾಸ್ತಿ ಬೇಕು ಎಂದು ನಗುತ್ತಿದ್ದ.

ಬ್ರಾಡ್‌ಬ್ಯಾಂಡ್ ಬಂದದ್ದು ಅಲ್ಲಿದ್ದಾಗ. ನಮಗೆ ಒಂದಿಷ್ಟು ತರಬೇತಿ ಕೊಟ್ಟರು. ಕೊಟ್ಟವರಿಗೂ ಅಷ್ಟೇ ಗೊತ್ತಿತ್ತು. ಮೋಡೆಮಿನ ದೀಪ ಸ್ಥಿರವಾಗಿ ಉರಿದರೆ ಲೈನು ಸರಿ, ಮಿಟುಕಿದರೆ ಸರಿಯಿಲ್ಲ. ಕಿವಿಯ ಕೆಲಸ ಹೋಗಿ ಕಣ್ಣಿನ ಕೆಲಸವಾಯಿತು. ಒಂದು ದಿನ ಸ್ಟೇಷನ್ ರಸ್ತೆಯ ನೆಟ್ ಸೆಂಟರಿನಲ್ಲಿ ಲೈನ್ ರಿಪೇರಿ ಮಾಡಿ ಎದ್ದು ನಿಂತೆ. ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ಬಾಯಿ ಆಟ ಆಡುತ್ತಿದ್ದ. ಅದೇ ಓಣಿಗಳು, ಅದೇ ಭೂತಗಳು, ಅದೇ ಕುಂಯ್ ಕುಂಯ್ ಸದ್ದು. ನೆಟ್ ಒಳಗೆ, ಬ್ರೌಸರಿನಲ್ಲಿ, ನಾಣ್ಯವಿಲ್ಲದೆ ಪುಕ್ಕಟೆ ಸಿಗುತ್ತದಂತೆ. ನನಗೆ ಕಣ್ಣು ತುಂಬಿ ಬಂತು. ನಾಚಿಕೆಯಾಗಿ ಟೂಲ್ ಬ್ಯಾಗ್ ಕಟ್ಟುವವನಂತೆ ಬಗ್ಗಿದೆ.

ಅಂದಿನಿಂದ ನನ್ನ ಪರೀಕ್ಷೆಯ ಪದ್ಧತಿ ಬದಲಾಯಿತು. ರಿಪೇರಿಯಾದ ಮೇಲೆ ಇಲಾಖೆಯವರು ಹೇಳಿದ ಪುಟ ತೆರೆಯುವುದು ಬಿಟ್ಟು ಆಟದ ಪುಟ ತೆರೆಯುತ್ತಿದ್ದೆ. ಆಟ ಶುರುವಾಗುವ ಮೊದಲು ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತದೆ. ಎಲ್ಲಿಯೂ ನಿಲ್ಲದೆ ತುಂಬಿದರೆ ಲೈನು ಚೊಕ್ಕ. ಅರ್ಧಕ್ಕೆ ಬಿಕ್ಕಿದರೆ ಎಲ್ಲೋ ಜಾಯಿಂಟಿನಲ್ಲಿ ತೇವ ಇದೆ ಎಂದು ಅರ್ಥ. ಪಟ್ಟಿ ತುಂಬಿದ ಮೇಲೆ ಒಂದು ಕೈ ಆಡಿಯೇ ಏಳುತ್ತಿದ್ದೆ. ಗ್ರಾಹಕರು ಇದೂ ಪರೀಕ್ಷೆಯ ಭಾಗ ಎಂದು ಗಂಭೀರವಾಗಿ ನೋಡುತ್ತಿದ್ದರು, ಚಹಾ ತರಿಸುತ್ತಿದ್ದರು.

ಈ ಪದ್ಧತಿಯಿಂದಲೇ ಒಮ್ಮೆ ಮರ್ಯಾದೆ ಹೋಯಿತು. ಬಶೀರಾಬಾದಿನ ಒಬ್ಬ ತೊಗರಿ ವ್ಯಾಪಾರಿಯ ಮನೆಯಲ್ಲಿ ಲೈನು ಕೂಡಿಸಿ ಆಟ ತೆರೆದೆ. ಪಟ್ಟಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬಿತು. ಇಂಥ ಲೈನು ಜಿಲ್ಲೆಯಲ್ಲೇ ಇಲ್ಲ ಎಂದು ಹೇಳಿ, ಚಹಾ ಕುಡಿದು, ಬಸ್ಸು ಹತ್ತಿದೆ. ನಾನು ತಾಂಡೂರು ಮುಟ್ಟುವ ಮೊದಲೇ ಕಂಪ್ಲೇಂಟ್ ಮುಟ್ಟಿತ್ತು. ಆ ಮನೆಯಲ್ಲಿ ಹಿಂದಿನ ವಾರ ಯಾರೋ ಅದೇ ಆಟ ಆಡಿದ್ದರು, ಕಂಪ್ಯೂಟರು ಅದನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಲೈನು ಸತ್ತೇ ಬಿದ್ದಿತ್ತು. ನಿಮ್ಮವರು ಬಂದು ಆಟ ಆಡಿ ಹೋದರು ಎಂದು ವ್ಯಾಪಾರಿ ನಮ್ಮ ಸಾಹೇಬರಿಗೆ ಹೇಳಿದನಂತೆ. ಖಾಜಾ ಆ ಮಾತನ್ನು ವರ್ಷವಿಡೀ ಬಿಡಲಿಲ್ಲ. ಆಮೇಲೆ ನಾನು ಬ್ರೌಸರಿನ ನೆನಪನ್ನು ಮೊದಲು ಅಳಿಸಿ, ನಂತರವೇ ಆಟ ತೆರೆಯುತ್ತಿದ್ದೆ. ಹೊಸಬರೂ ಇಷ್ಟು ತಿಳಿದಿರಲಿ, ಪರದೆಯ ಮೇಲೆ ಕಾಣುವುದೆಲ್ಲ ಆಗಲೇ ಲೈನಿನಿಂದ ಬಂದದ್ದಲ್ಲ.

ಅಷ್ಟರಲ್ಲಿ ನನಗೆ ನಾರಾಯಣಖೇಡಕ್ಕೆ ವರ್ಗವಾಯಿತು. ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿ ಜೋರಾದ ವರ್ಷಗಳು ಅವು. ನಾರಾಯಣಖೇಡದಿಂದ ತಾಂಡೂರಿಗೆ ನೇರ ಬಸ್ಸಿಲ್ಲ. ಜಹೀರಾಬಾದಿಗೆ ಬಂದು ಅಲ್ಲಿಂದ ಮತ್ತೆ ಬದಲಿಸಬೇಕು. ಮಾಮೂಲಿ ದಿನಗಳಲ್ಲೇ ಹೋಗಿ ಬರುವುದು ಪ್ರಯಾಸ, ಬಂದ್ ಇದ್ದರಂತೂ ಆಯಿತೇ ಆಯಿತು. ಮಹಾನಂದಾಳ ನೌಕರಿ ತಾಂಡೂರಿನಲ್ಲಿ, ಮಗಳ ಶಾಲೆ ಅಲ್ಲಿ. ನಾನು ಎಕ್ಸ್‌ಚೇಂಜಿನ ಹಿಂದಿನ ಒಂದು ಕೋಣೆಯಲ್ಲಿ ಸ್ಟೋವ್ ಇಟ್ಟುಕೊಂಡು ಒಬ್ಬನೇ ಇದ್ದೆ. ಬೇರೆ ಊರಿಗೆ ಹಾಕಿ ಎಂದು ಕೇಳಿದಾಗಲೆಲ್ಲ, ನಿನ್ನ ಜಾಗಕ್ಕೆ ಬರುವವರಿಲ್ಲ ಎಂಬ ಉತ್ತರ ಬರುತ್ತಿತ್ತು. ನಿಜವೇ, ಯಾರು ಬರುತ್ತಾರೆ?

ಅಲ್ಲಿನ ಒಂದು ಪ್ರಸಂಗ ಹೇಳಲೇಬೇಕು. ಸಂಗಾರೆಡ್ಡಿಯಿಂದ ನಮ್ಮ ರಾವ್ ಸಾಹೇಬರು ತಪಾಸಣೆಗೆ ಬಂದರು. ತುಂಬ ಶಿಸ್ತಿನವರು, ನಗು ಕಾಣದ ಮುಖ. ನಾನು ಎಕ್ಸ್‌ಚೇಂಜಿನ ಕಂಪ್ಯೂಟರಿನಲ್ಲಿ ಪರೀಕ್ಷೆ ನಡೆಸುತ್ತಿದ್ದೆ, ಭೂತ ಬೆನ್ನ ಹಿಂದೆಯೇ ಇತ್ತು, ಸಾಹೇಬರು ನನ್ನ ಬೆನ್ನ ಹಿಂದೆ. ತೆಲುಗಿನಲ್ಲಿ ಚೆನ್ನಾಗಿ ಉಗಿದರು. ಅಷ್ಟರಲ್ಲಿ ಚೌಕದಲ್ಲಿ ರಸ್ತೆ ತಡೆ ಶುರುವಾಯಿತು. ಸಾಹೇಬರ ಜೀಪು ಊರು ಬಿಡುವಂತಿಲ್ಲ. ನನ್ನ ಸ್ಟೋವಿನ ಅನ್ನ ಉಂಡರು, ಪೇಪರ್ ಓದಿದರು, ಗಡಿಯಾರ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಆ ನಿನ್ನ ಪರೀಕ್ಷೆ ಹೇಗೆ ಮಾಡುವುದು ತೋರಿಸು ಎಂದರು. ಸಂಜೆ ರಸ್ತೆ ತೆರವಾಗಿ ಡ್ರೈವರ್ ಹಾರ್ನ್ ಹೊಡೆದರೂ ಏಳಲಿಲ್ಲ, ಇನ್ನೊಂದು ಜೀವ ಉಳಿದಿದೆ ನಿಲ್ಲು ಎಂದು ಕೂಗಿದರು. ಮುಂದಿನ ವಾರ ಕಚೇರಿಯ ಕಂಪ್ಯೂಟರುಗಳಲ್ಲಿ ಆಟ ಆಡಕೂಡದೆಂದು ಅವರದೇ ಸಹಿಯ ಸುತ್ತೋಲೆ ಬಂತು. ಅದೇ ದಿನ ಮಧ್ಯಾಹ್ನ ಅವರದೇ ಫೋನೂ ಬಂತು, ಮೂರನೇ ಸುತ್ತಿನಲ್ಲಿ ಕೆಂಪು ಭೂತವನ್ನು ತಪ್ಪಿಸುವುದು ಹೇಗೆಂದು.

ಸುತ್ತೋಲೆಗೆ ಗೌರವ ಕೊಟ್ಟು ನಾನು ಜಹೀರಾಬಾದಿನಿಂದ ಒಂದು ಹಳೇ ಕಂಪ್ಯೂಟರು ತಂದು ನನ್ನ ಕೋಣೆಯಲ್ಲೇ ಇಟ್ಟುಕೊಂಡೆ. ಆದರೆ ಒಬ್ಬನೇ ಆಡುವುದರಲ್ಲಿ ಏನಿದೆ? ಜಹೀರಾಬಾದಿನ ಅಂಗಡಿಯಲ್ಲಿ ಸತ್ತರೆ ಹಿಂದಿನವರೆಲ್ಲ ಅಯ್ಯೋ ಅನ್ನುತ್ತಿದ್ದರು. ಇಲ್ಲಿ ಸತ್ತರೆ ಕೇಳುವುದು ಫ್ಯಾನಿನ ಸದ್ದು ಮಾತ್ರ. ಪುಟ ಮುಚ್ಚಿ ಮನೆಗೆ ಫೋನ್ ಮಾಡುತ್ತಿದ್ದೆ. ಮಹಾನಂದಾ ಅಕ್ಕಿ ಬೇಳೆಯ ಮಾತು ಮುಗಿಸಿ ಮಗಳ ಕೈಗೆ ಕೊಡುತ್ತಿದ್ದಳು. ಅಂಬಿಕಾಳಿಗೆ ಆಗ ಹತ್ತು ಹನ್ನೊಂದು ವರ್ಷ. ಉಂಡೆಯಾ ಎಂದರೆ ಉಂಡೆ, ಓದಿದೆಯಾ ಎಂದರೆ ಓದಿದೆ. ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಅವಳ ತಪ್ಪಲ್ಲ. ದೂರದಲ್ಲಿರುವ ಅಪ್ಪನಿಗೆ ಮಕ್ಕಳು ಏನು ಹೇಳಬೇಕು?

ಒಂದು ಸಲ ಮನೆಗೆ ಹೋದಾಗ ಅಲ್ಲಿನ ಕಂಪ್ಯೂಟರಿನ ಮುಂದೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬಾಯಿ ಆಟ ಕಲಿಸಿದೆ. ಯಾವ ಮೂಲೆಯಲ್ಲಿ ಹೊರಳಬೇಕು, ಯಾವ ಓಣಿಯಲ್ಲಿ ಭೂತಗಳು ಬೇಗ ಬರುತ್ತವೆ ಎಂದು ಜಹೀರಾಬಾದಿನಲ್ಲಿ ಕಲಿತದ್ದನ್ನೆಲ್ಲ ಹೇಳಿಕೊಟ್ಟೆ. ನಾನು ನಾರಾಯಣಖೇಡಕ್ಕೆ ಮರಳಿದ ಮೇಲೂ ಆಟ ನಿಲ್ಲಲಿಲ್ಲ. ಸಂಜೆ ನಾನು ಫೋನ್ ಮಾಡಬೇಕು, ಇಬ್ಬರೂ ರಿಸೀವರ್ ಹೆಗಲಿಗೆ ಸಿಕ್ಕಿಸಿಕೊಳ್ಳಬೇಕು, ಇಬ್ಬರೂ ಒಂದೇ ಪುಟ ತೆರೆದು ಒಂದೇ ಸಲ ಶುರು ಮಾಡಬೇಕು. ಅವಳ ಆಟ ಅವಳ ಪರದೆಯಲ್ಲಿ, ನನ್ನದು ನನ್ನದರಲ್ಲಿ. ಮೊದಲು ಸತ್ತವರು ಹೇಳಬೇಕು.

ಆಡುತ್ತಾ ಆಡುತ್ತಾ ಮಗಳ ಬಾಯಿ ಬಿಚ್ಚಿತು. ಕಣ್ಣು ಭೂತದ ಮೇಲಿದ್ದರೆ ನಾಲಿಗೆಗೆ ಕಾವಲು ಇರುವುದಿಲ್ಲ. ಗಣಿತದ ಸರ್ ಯಾರಿಗೆ ಹೊಡೆದರು, ಯಾವ ಗೆಳತಿ ಮಾತು ಬಿಟ್ಟಳು, ಅಮ್ಮ ಶಾಲೆಯಿಂದ ಬಂದು ಯಾಕೆ ಸುಮ್ಮನೆ ಕೂತಿದ್ದಳು, ಎಲ್ಲವೂ ನನಗೆ ಬರತೊಡಗಿತು. ನನಗೆ ಬೇಕಾಗಿದ್ದದ್ದು ಆಟವಲ್ಲ, ಆ ಮಾತು. ಆ ಒಂದು ತಾಸಿಗಾಗಿ ಬೆಳಗಿನಿಂದ ಕಾಯುತ್ತಿದ್ದೆ. ಅದು ನಿಂತರೆ ನನಗೂ ನನ್ನ ಮಗಳಿಗೂ ನಡುವೆ ಉಳಿಯುವುದು ಉಂಡೆ, ಓದಿದೆ ಎರಡೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಅದೇ ಚಳವಳಿಯ ಸಕಲ ಜನರ ಮುಷ್ಕರ ಶುರುವಾಯಿತು. ಶಾಲೆ, ಕಚೇರಿ, ಬಸ್ಸು ಎಲ್ಲವೂ ಬಂದ್. ಮಹಾನಂದಾ ರಾಜ್ಯ ಸರಕಾರದ ನೌಕರಳು, ಅವಳು ಬೆಳಗ್ಗೆ ಎದ್ದು ಮುಷ್ಕರದ ಶಾಮಿಯಾನದಲ್ಲಿ ಹೋಗಿ ಕೂರುತ್ತಿದ್ದಳು. ನಾನು ಕೇಂದ್ರದವನು, ನನಗೆ ಡ್ಯೂಟಿ. ಒಂದೇ ಮನೆಯಲ್ಲಿ ಒಬ್ಬರು ಮುಷ್ಕರ, ಒಬ್ಬರು ಹಾಜರಿ. ವಾರಗಟ್ಟಲೆ ಮನೆಗೆ ಹೋಗಲು ಆಗಲಿಲ್ಲ. ಆದರೂ ಸಂಜೆಯ ಆಟ ಇತ್ತು, ಹೀಗಾಗಿ ತಡೆದುಕೊಂಡೆ.

ಒಂದು ಸಂಜೆ ಫೋನ್ ಎತ್ತಿದವಳೇ ಅಂಬಿಕಾ, "ಅಪ್ಪಾ, ನೆಟ್ ಹೋಗ್ಯದ" ಅಂದಳು.

ಫೋನ್ ಬರುತ್ತದೆ, ನೆಟ್ ಬರುವುದಿಲ್ಲ. ಅಂಥದ್ದು ಆಗುತ್ತದೆ. ಮೋಡೆಮ್ ಆರಿಸಿ ಹಚ್ಚು ಎಂದೆ. ಹಚ್ಚಿದೆ, ಬರವಲ್ದು ಎಂದಳು. ಮರುದಿನವೂ ಬರಲಿಲ್ಲ. ಖಾಜಾಗೆ ಫೋನ್ ಮಾಡಿದೆ. ಎಕ್ಸ್‌ಚೇಂಜಿನಿಂದ ಟೆಸ್ಟ್ ಮಾಡಿ ಲೈನು ಬರಾಬರ್ ತೋರಿಸುತ್ತಿದೆ ಎಂದ. ಮನೆಗೇ ಹೋಗಿ ನೋಡು ಎಂದೆ. ಹೋಗಿ ಬಂದು ತಿರುಗಿ ಫೋನ್ ಮಾಡಿದ. ಯಾವತ್ತೂ ವಟವಟ ಮಾತಾಡುವವನು ಆವತ್ತು ತಡವರಿಸಿದ. ಏನಾಗಿದೆ ಹೇಳೋ ಎಂದರೆ, "ನನಗ ತಿಳಿವಲ್ದು ಭಾಯ್. ಒಮ್ಮೆ ನೀವ ಬಂದು ನೋಡ್ರಿ" ಅಂದ.

ನನಗೆ ಸಿಟ್ಟು ಬಂತು. ಇಡೀ ಊರಿನ ಲೈನು ನೋಡುವವನಿಗೆ ನನ್ನ ಮನೆಯದು ತಿಳಿಯುವುದಿಲ್ಲವೇ? ಆ ಸಂಜೆಗಳೆಲ್ಲ ಒಂದೇ ಥರ. ಹೊತ್ತು ಮುಳುಗುವಾಗ ಕಂಪ್ಯೂಟರು ಹಚ್ಚುವುದು, ಪುಟ ತೆರೆಯುವುದು, ಮನೆಗೆ ಫೋನ್ ಮಾಡುವುದು. ನೆಟ್ ಬಂತೇ? ಇಲ್ಲ. ಉಂಡೆಯಾ? ಉಂಡೆ. ಪರದೆಯ ಮೇಲೆ ಆ ಹಳದಿ ಬಾಯಿ ತೆರೆದುಕೊಂಡು ಮುಚ್ಚಿಕೊಂಡು ನಿಂತಿರುತ್ತಿತ್ತು. ಆಡಲು ಮನಸ್ಸಾಗದೆ ಆರಿಸಿ, ಮೆಟ್ಟಿಲ ಮೇಲೆ ಕೂತು ಖಾಲಿ ರಸ್ತೆ ನೋಡುತ್ತಿದ್ದೆ. ಊರಿನ ಲೈನೆಲ್ಲ ಸರಿ ಮಾಡುವ ನನಗೆ ನನ್ನ ಮನೆಯ ಲೈನು ಮುಟ್ಟಲಾಗುತ್ತಿಲ್ಲವಲ್ಲ ಎಂದು ಒಬ್ಬನೇ ಬೈದುಕೊಳ್ಳುತ್ತಿದ್ದೆ.

ಕೊನೆಗೆ ರಜೆ ಹಾಕಿ, ಟೂಲ್ ಬ್ಯಾಗ್ ಹೆಗಲಿಗೇರಿಸಿ ಹೊರಟೆ. ಬಸ್ಸಿಲ್ಲ. ಒಂದು ಜೀಪಿನ ಹಿಂದೆ ಜೋತುಬಿದ್ದು ನ್ಯಾಲ್ಕಲ್ ತನಕ ಬಂದೆ, ಅಲ್ಲಿಂದ ಆಟೊ ಹಿಡಿದು ಜಹೀರಾಬಾದ್. ಅಲ್ಲಿ ದೊಡ್ಡ ರಸ್ತೆಯ ನಡುವೆಯೇ ಒಲೆ ಹೂಡಿ ಅಡುಗೆ ನಡೆದಿತ್ತು. ರಸ್ತೆ ತಡೆಯುವುದು, ಅಲ್ಲೇ ಬೇಯಿಸಿ ಅಲ್ಲೇ ಉಣ್ಣುವುದು ಆಗಿನ ಚಳವಳಿಯ ರೀತಿ. ಟೂಲ್ ಬ್ಯಾಗ್ ನೋಡಿ ಒಬ್ಬರು ತಡೆದು, ಮುಷ್ಕರದಾಗ ಯಾರ ಲೈನ್ ಮಾಡಾಕ ಹೊಂಟೀರಿ ಎಂದು ಕೇಳಿದರು. ನಮ್ಮ ಮನಿದು ಎಂದೆ. ಸುತ್ತಲಿನವರೆಲ್ಲ ನಕ್ಕು, ಹಾಗಾದರೆ ಮೊದಲು ಉಂಡು ಹೋಗಿ ಎಂದು ಎಲೆ ಹಾಕಿದರು. ಬಿಸಿ ಅನ್ನ, ಬದನೆಕಾಯಿ ಪಲ್ಯ. ಎಷ್ಟೋ ದಿನಗಳ ಮೇಲೆ ಜನರ ನಡುವೆ ಕೂತು ಉಂಡೆ. ಅವರಲ್ಲೇ ಒಬ್ಬರು ತಮ್ಮ ಮೋಟರ್‌ಸೈಕಲ್ಲಿನಲ್ಲಿ ಒಂದಷ್ಟು ದೂರ ಬಿಟ್ಟರು. ಆಮೇಲೆ ಅಷ್ಟು ನಡಿಗೆ, ಇಷ್ಟು ಆಟೊ. ಧಾರೂರಿನಲ್ಲಿ ಕಲ್ಲು ಇಳಿಸಿ ಖಾಲಿ ಬರುತ್ತಿದ್ದ ಲಾರಿ ಸಿಕ್ಕಿತು. ತಾಂಡೂರು ಸೇರಿದಾಗ ಬಿಸಿಲು ಇಳಿಯುತ್ತಿತ್ತು.

ಮನೆಗೆ ಬೀಗ. ನನ್ನ ಹತ್ತಿರ ಒಂದು ಕೀಲಿ ಇತ್ತು. ಚಪ್ಪಲಿ ಬಿಟ್ಟವನೇ ಮೋಡೆಮಿನ ಹತ್ತಿರ ಹೋದೆ. ದೀಪಗಳೆಲ್ಲ ಸ್ಥಿರವಾಗಿ ಉರಿಯುತ್ತಿದ್ದವು. ಕಂಪ್ಯೂಟರು ಹಚ್ಚಿ, ಬ್ರೌಸರಿನ ನೆನಪು ಅಳಿಸಿ, ಆಟದ ಪುಟ ತೆರೆದೆ. ಪಟ್ಟಿ ಒಂದು ಕಡೆಯೂ ನಿಲ್ಲದೆ ತುಂಬಿತು. ಮತ್ತೆ ಅಳಿಸಿ ಮತ್ತೆ ತೆರೆದೆ. ಗೋಡೆಯ ಡಬ್ಬಿ ನೋಡಿದೆ, ಹೊರಗೆ ಕಂಬದ ತನಕ ವೈರು ನೋಡಿದೆ. ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದೆ, ಮಹಾನಂದಾ ಶಾಮಿಯಾನದಿಂದ ಬಂದಳು. ನನ್ನನ್ನು ನೋಡಿ, ಆಮೇಲೆ ಕೈಯಲ್ಲಿದ್ದುದನ್ನು ನೋಡಿ, ಅವಳಿಗೆ ಎಲ್ಲ ತಿಳಿಯಿತು. ನೀರು ತಂದುಕೊಟ್ಟು ಎದುರಿಗೆ ಕೂತಳು.

"ಲೈನ್ ಕೆಟ್ಟಿಲ್ರಿ" ಅಂದಳು. "ಸಂಜೀಕ ಬತುಕಮ್ಮ ಆಡಾಕ ಹೋಗ್ತಾಳ ಆಕಿ, ಗೆಳತ್ಯಾರ ಜೋಡಿ. ನೀವು ಫೋನ್ ಮಾಡೋದೂ ಅದ ಹೊತ್ತಿಗೆ."

ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ ಎಂದು ಕೇಳಿದೆ. ಇದು ದಸರೆಗೆ ಮುಂಚಿನ ಈ ಬತುಕಮ್ಮ ಹಬ್ಬದ ದಿನಗಳ ಮಾತಷ್ಟೇ ಅಲ್ಲ, ಆ ಬಾಯಿ ಆಟ ಅವಳಿಗೆ ಸಾಕಾಗಿ ತುಂಬ ದಿನವಾಯಿತು ಎಂದಳು ಮಹಾನಂದಾ. ನನಗೋಸ್ಕರ ಕೂರುತ್ತಿದ್ದಳಂತೆ. ಗೆಳತಿಯರು ಬಾಗಿಲಲ್ಲಿ ನಿಂತು ಕರೆದರೂ, ಅಪ್ಪನ ಫೋನ್ ಬರುತ್ತದೆ ಎಂದು ಕಳಿಸಿಬಿಡುತ್ತಿದ್ದಳಂತೆ. ಖಾಜಾ ಬಂದಾಗ, ಅಪ್ಪನಿಗೆ ಹೇಳಬೇಡಿ ಚಾಚಾ ಎಂದು ಅವನ ಕೈ ಹಿಡಿದು ಅತ್ತಿದ್ದಳಂತೆ. ಯಾಕೆ ಹೀಗೆ ಸುಳ್ಳು ಹೇಳುತ್ತೀ ಎಂದು ಅಮ್ಮ ಕೇಳಿದ್ದಕ್ಕೆ ಮಗಳು ಹೇಳಿದ ಮಾತನ್ನು ಮಹಾನಂದಾ ಇದ್ದಂತೆಯೇ ಹೇಳಿದಳು. "ನಾ ಒಲ್ಲೆ ಅಂದ್ರ ಅಪ್ಪಗ ಬ್ಯಾಸರ ಆಗ್ತದ. ಲೈನ್ ಹೋಗ್ಯದ ಅಂದ್ರ ಏನೂ ಅನಸಂಗಿಲ್ಲ. ಲೈನ್ ದಿನಾ ಹೋಗ್ತಾವಲ್ಲ."

ನನ್ನ ಸರ್ವಿಸಿನಲ್ಲಿ ಎಷ್ಟೋ ಕಂಪ್ಲೇಂಟು ಕೇಳಿದ್ದೇನೆ. ಇಷ್ಟು ಪ್ರೀತಿಯಿಂದ ಕೊಟ್ಟ ಕಂಪ್ಲೇಂಟು ಇನ್ನೊಂದಿಲ್ಲ, ಇಷ್ಟು ನೋಯಿಸಿದ್ದೂ ಇನ್ನೊಂದಿಲ್ಲ. ಎದ್ದು ಹೊರಗೆ ನಡೆದೆ. ಶಾಮಿಯಾನದ ಪಕ್ಕದ ಬಯಲಿನಲ್ಲಿ ಗೋಪುರದಂತೆ ಪೇರಿಸಿದ ಹೂವಿನ ಬತುಕಮ್ಮಗಳನ್ನು ನಡುವೆ ಇಟ್ಟು ಹೆಂಗಸರು, ಹುಡುಗಿಯರು ಸುತ್ತು ತಿರುಗುತ್ತಿದ್ದರು. ಅಂಬಿಕಾ ಹಸಿರು ಲಂಗ ತೊಟ್ಟು ಚಪ್ಪಾಳೆ ತಟ್ಟುತ್ತಾ ತೆಲುಗಿನಲ್ಲಿ ಹಾಡುತ್ತಿದ್ದಳು. ಸುತ್ತಿನ ನಡುವೆ ಗೆಳತಿಯ ಕಿವಿಯಲ್ಲಿ ಏನೋ ಹೇಳಿ, ಇಬ್ಬರೂ ಬಗ್ಗಿ ಬಗ್ಗಿ ನಕ್ಕರು. ಅವಳು ಅಷ್ಟು ಎತ್ತರ ಬೆಳೆದದ್ದು ನನಗೆ ಗೊತ್ತೇ ಇರಲಿಲ್ಲ. ಕರೆಯಬೇಕು ಅನಿಸಿತು, ಕರೆಯಲಿಲ್ಲ. ಗಂಡಸರ ಗುಂಪಿನ ಹಿಂದೆ ನಿಂತು ನೋಡಿ, ಅವಳಿಗಿಂತ ಮೊದಲೇ ಮನೆಗೆ ಬಂದು ಮೋಡೆಮಿನ ಮುಂದೆ ಕೂತು ಡಬ್ಬಿ ಬಿಚ್ಚಿದೆ.

ಒಳಗೆ ಬಂದ ಮಗಳು ಬಾಗಿಲಲ್ಲೇ ನಿಂತಳು. ಕೂದಲಲ್ಲಿ ತಂಗಡಿ ಹೂವಿನ ಹಳದಿ ಎಸಳು ಸಿಕ್ಕಿಕೊಂಡಿದ್ದವು. ನನ್ನ ಕೈಯಲ್ಲಿನ ಸ್ಕ್ರೂಡ್ರೈವರ್ ನೋಡಿ ಮುಖ ಬಿಳಿಚಿತು.

"ಡಬ್ಬಿಯಾಗ ನೀರ ಹೋಗಿತ್ತವ್ವ. ಸರಿ ಮಾಡ್ದೆ" ಅಂದೆ. "ಆದ್ರ ಆ ಆಟದ ಪೇಜ್ ಮುಚ್ಯಾರಂತ. ಇನ್ನ ಅದು ಬರಂಗಿಲ್ಲ."

ಅವಳು ನನ್ನನ್ನೇ ನೋಡುತ್ತಾ ನಿಂತಳು. ನಾನು ಸ್ಕ್ರೂ ತಿರುಗಿಸುತ್ತಲೇ ಇದ್ದೆ. ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಿಲ್ಲ. ಹತ್ತಿರ ಬಂದು ಕೂತಳು. ಅವಳ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಹಂಗಾದ್ರ ಅಲ್ಲಿ ಸಂಜೀಕ ನೀ ಒಬ್ಬನ ಏನ್ ಮಾಡ್ತೀಯಪ್ಪಾ?"

"ಕೆಲಸ ಭಾಳ ಅದವ್ವ" ಅಂದೆ. "ಮಂದಿ ಲೈನೆಲ್ಲ ಕೆಟ್ಟು ಕುಂತಾವ. ಉಣ್ಣಾಕೂ ಪುರಸೊತ್ತಿಲ್ಲ."

ಆತು ಎಂದು ತಲೆ ಆಡಿಸಿ, ಸಮಾಧಾನವಾಗಿ ಎದ್ದು ಅಮ್ಮನ ಹತ್ತಿರ ಒಳಗೆ ಹೋದಳು. ಒಳಗಿನಿಂದ ಆ ದಿನದ ಹಾಡು, ಗೆಳತಿಯರು, ಯಾರ ಬತುಕಮ್ಮ ಎತ್ತರವಿತ್ತು ಎಂಬುದನ್ನೆಲ್ಲ ಅಮ್ಮನಿಗೆ ಹೇಳುವುದು ಕೇಳುತ್ತಿತ್ತು. ನಾನು ಡಬ್ಬಿ ಮುಚ್ಚಿ ಅಲ್ಲೇ ಕೂತು ಕೇಳಿದೆ. ನಾರಾಯಣಖೇಡದಲ್ಲಿ ಆ ಮುಷ್ಕರದ ದಿನಗಳಲ್ಲಿ ಕಚೇರಿಗಳೆಲ್ಲ ಮುಚ್ಚಿದ್ದವು, ಫೋನ್ ಕೆಟ್ಟರೂ ಹೇಳುವವರಿರಲಿಲ್ಲ. ನನಗೆ ಬರುತ್ತಿದ್ದ ಕಂಪ್ಲೇಂಟು ಅವಳದೊಂದೇ ಆಗಿತ್ತು.